ಪಿಸುಗಿವಿಗೆ ತಿಳಿಯದ ಹಾಡು

ಮೇದಿನಿಯ ಅಜ್ಜಿ ಹೇಳುತ್ತಿದ್ದ ಕಥೆಗಳಲ್ಲಿ ರಾಜರಾಣಿಯರು ಕಡಿಮೆ, ಹುಳುಹುಪ್ಪಟೆಗಳೇ ಹೆಚ್ಚು. ಅವುಗಳಲ್ಲೊಂದು, ಅವರೆಕಾಳಿನ ಗುಡಾಣಕ್ಕೆ ಕಿವಿಯಾನಿಸಿ ಕೂರುತ್ತಿದ್ದ ಸೊಸೆಯ ಕಥೆ. ಗುಡಾಣದೊಳಗೆ ಹುಳುಗಳು ಒಂದೆರಡು ಇರುವ ತನಕ ತುಟಿಪಿಟಕ್ಕೆನ್ನುತ್ತಿರಲಿಲ್ಲವಂತೆ. ಸಂಸಾರ ಬೆಳೆದ ಮೇಲೆ ಗುಸುಗುಸು ಶುರುವಾಯಿತಂತೆ: 'ಎಷ್ಟು ಜನ ಆದ್ವಿ? ಇನ್ನೊಂದಿಷ್ಟು ಜನ ಸೇರ್ಲಿ, ಒಟ್ಟಿಗೇ ನುಗ್ಗೋಣ.' ಆ ಗುಸುಗುಸು ಕೇಳಿದ್ದೇ ತಡ, ಸೊಸೆ ಕಾಳನ್ನೆಲ್ಲ ಎತ್ತಿ ಬಿಸಿಲಿಗೆ ಹರವಿಬಿಟ್ಟಳಂತೆ. ಹುಳುಗಳ ಯುದ್ಧ ಅಲ್ಲಿಗೇ ಮುಗಿಯಿತು.

ಕಾಲೇಜಿನಲ್ಲಿ ಸೂಕ್ಷ್ಮಜೀವಿಗಳ ಪಾಠ ನಡೆಯುವಾಗ ಮೇಷ್ಟ್ರು ಹೆಚ್ಚುಕಡಿಮೆ ಅದೇ ಕಥೆ ಹೇಳಿದರು. ಬ್ಯಾಕ್ಟೀರಿಯಾಗಳು ಒಂದೊಂದೂ ಒಂದು ಬಗೆಯ ರಾಸಾಯನಿಕವನ್ನು ಹೊರಗೆ ಬಿಡುತ್ತವೆ. ಗುಂಪು ಬೆಳೆದಂತೆ ಅದರ ವಾಸನೆ ದಟ್ಟವಾಗುತ್ತದೆ. ಸಾಕಷ್ಟು ದಟ್ಟವಾದಾಗ 'ನಾವು ಬೇಕಾದಷ್ಟು ಜನ ಇದ್ದೇವೆ' ಎಂದು ಅವಕ್ಕೆ ತಿಳಿದು, ಎಲ್ಲ ಸೇರಿ ಕೆಲಸ ಶುರು ಮಾಡುತ್ತವೆ. ಮೇದಿನಿ ತರಗತಿಯಲ್ಲಿ ಗಟ್ಟಿಯಾಗಿ ನಕ್ಕು ಹೊರಗೆ ಹಾಕಿಸಿಕೊಂಡಳು. ಹೊರಗೆ ಜಗುಲಿಯ ಮೇಲೆ ಕುಳಿತವಳಿಗೆ ಒಂದೇ ಯೋಚನೆ: ಆ ಗುಸುಗುಸು ನಮಗೂ ಕೇಳಿಸುವಂತಾದರೆ?

ಆ ಯೋಚನೆ ಬೆಳೆದು ಬಲಿತು ಈಗ ಹುಣಸೆಬೀಜದಷ್ಟು ಗಾತ್ರದ ಒಂದು ಗುಂಡಿಯಾಗಿದೆ. ಹೆಸರು ಪಿಸುಗಿವಿ. ಮೂತ್ರಪಿಂಡ ಕೈಕೊಟ್ಟು, ಮನೆಯಲ್ಲೇ ಹೊಟ್ಟೆ ಡಯಾಲಿಸಿಸ್ ಮಾಡಿಕೊಳ್ಳುವವರ ಟ್ಯೂಬಿಗೆ ಅದನ್ನು ಸಿಕ್ಕಿಸುತ್ತಾರೆ. ಈ ಡಯಾಲಿಸಿಸ್‌ಗೆ ಆಸ್ಪತ್ರೆಯ ದೊಡ್ಡ ಯಂತ್ರದ ಹಂಗಿಲ್ಲ. ಹೊಟ್ಟೆಯಲ್ಲಿ ಕೂರಿಸಿದ ಮೆತ್ತನೆಯ ಟ್ಯೂಬಿನಿಂದ ಒಂದು ಬ್ಯಾಗ್ ಔಷಧದ ನೀರನ್ನು ಒಳಗೆ ಬಿಡುವುದು, ಹೊಟ್ಟೆಯ ಒಳಪೊರೆಯೇ ಜರಡಿಯಂತೆ ರಕ್ತದ ಕಸವನ್ನು ಆ ನೀರಿಗೆ ಸೋಸುವುದು, ಕೆಲವು ಗಂಟೆ ಬಿಟ್ಟು ಹಳೆಯ ನೀರನ್ನು ಹೊರಗೆ ಹರಿಸಿ ಹೊಸದನ್ನು ತುಂಬುವುದು. ನಡುವೆ ಅಡುಗೆ ಮಾಡಬಹುದು, ಸಂತೆಗೆ ಹೋಗಬಹುದು, ಜಗಳವಾಡಬಹುದು. ಭಯ ಒಂದೇ. ಆ ಟ್ಯೂಬೆಂಬ ಬಾಗಿಲಿನಿಂದ ಕರೆಯದ ನೆಂಟರು ಒಳಗೆ ಬಂದರೆ ಒಳಪೊರೆಗೆ ಸೋಂಕು ಹತ್ತುತ್ತದೆ.

ಪಿಸುಗಿವಿ ಆ ನೆಂಟರ ವಾಸನೆಯನ್ನು ದನಿಯಾಗಿ ಮಾರ್ಪಡಿಸಿ ಹಾಸನದ ಡಯಾಲಿಸಿಸ್ ಕೇಂದ್ರದ ಆಲಿಸುವ ಕೋಣೆಗೆ ಕಳಿಸುತ್ತದೆ. ಅಲ್ಲಿನ ಪರದೆಯ ಮೇಲೆ ಮನೆಗೊಂದು ಸಾಲು. ವಾಸನೆಯ ಬೆರಕೆ ಬದಲಾದಂತೆ ದನಿಯೂ ಬದಲು. ಚರ್ಮದ ಮೇಲಿನ ಕ್ರಿಮಿಯದು ಕಿವಿಯ ಪಕ್ಕ ಸೊಳ್ಳೆ ಸುಳಿದಂಥ ಗುಂಯ್. ಕರುಳಿನದು ದೂರದ ತಮಟೆ. ನೀರಿನಲ್ಲಿ ಬೆಳೆಯುವುದು ಕೆಟ್ಟ ನಲ್ಲಿಯಂತೆ ತೊಟತೊಟ. ಜಿಲ್ಲೆಯ ಎಲ್ಲ ಮನೆಗಳ ಹೊಟ್ಟೆಗಳೂ ಸದ್ದಿಲ್ಲದೆ ಇದ್ದ ದಿನ ಮೇದಿನಿ ಆ ಕೋಣೆಯಲ್ಲಿ ಕುಳಿತು ಕನಸು ಕಾಣುತ್ತಾಳೆ. ಅದೂ ಕೆಲಸದ ಭಾಗವೇ ಎಂದು ಅವಳ ವಾದ.

ಮಾರ್ಗಶಿರದ ಚಳಿ ಹಾಸನವನ್ನು ಕಂಬಳಿಯೊಳಗೆ ತುರುಕಿದ್ದ ಒಂದು ಬೆಳಗ್ಗೆ, ಪಂಕಜಾಕ್ಷಿಯವರ ಸಾಲಿನಿಂದ ಒಂದು ದನಿ ಬಂತು. ಸೊಳ್ಳೆಯೂ ಅಲ್ಲ, ತಮಟೆಯೂ ಅಲ್ಲ. ಬುಳುಬುಳು, ಪುಸ್, ಬುಳುಬುಳು, ಪುಸ್. ಯಾರೋ ನಗು ತಡೆಯಲಾರದೆ ಬಾಯಿಗೆ ಸೆರಗು ಒತ್ತಿಕೊಂಡಂತೆ. ಪರದೆಯ ಮೇಲೆ ಯಂತ್ರ ಕೈಚೆಲ್ಲಿತ್ತು: 'ಅಪರಿಚಿತ'.

ಪಂಕಜಾಕ್ಷಿ ಎಂದರೆ ಊರಿನ ಹುಡುಗಿಯರಿಗೆಲ್ಲ ಪಂಕಜ ಮೇಡಂ, ಖೋ ಖೋ ತರಬೇತಿ ಕೊಡುವವರು. ಫೋನು ಎತ್ತಿದ್ದೇ ಮೈದಾನದಿಂದ. ಮೊದಲು ಕೇಳಿಸಿದ್ದು ಸೀಟಿ.

"ಲೇ ಚೈತ್ರಾ, ಕಂಬ ಸುತ್ತು ಅಂದ್ರೆ ಪ್ರದಕ್ಷಿಣೆ ಹಾಕ್ತೀಯಲ್ಲೇ! ಅದೇನು ಅರಳಿಮರಾನಾ?... ಹಾಂ, ಹೇಳು ಮೇದಿನಿ. ನನ್ನ ಹೊಟ್ಟೆ ಏನಾದ್ರೂ ಚಾಡಿ ಹೇಳ್ತಾ?"

"ಮೇಡಂ, ಹೊಟ್ಟೆ ನೋವಿದ್ಯಾ?"

"ಸ್ವಲ್ಪ ಹಿಂಡ್ತಿದೆ. ನಾನು ಈ ಹುಡುಗೀರ ಆಟ ನೋಡಿ ಅಂದ್ಕೊಂಡೆ."

"ಬೆಳಗ್ಗೆ ಹೊರಗೆ ಬಂದ ನೀರು ಹೇಗಿತ್ತು?"

ಸೀಟಿ ನಿಂತಿತು. "ಅಕ್ಕಿ ತೊಳೆದ ನೀರಿನ ಹಾಗಿತ್ತು ಕಣೇ. ನಮ್ಮ ಯಜಮಾನ್ರಿಗೆ ಹೇಳ್ಲಿಲ್ಲ, ಗಾಬರಿ ಬೀಳ್ತಾರೆ. ನಿಂಗೆ ಫೋನ್ ಮಾಡೋಣ ಅಂತಿದ್ದೆ, ನಿಜವಾಗ್ಲೂ."

ಡಾಕ್ಟರ್ ಸುಲ್ತಾನಾ ಆ ಕೇಂದ್ರದ ಮೂತ್ರಪಿಂಡ ತಜ್ಞೆ. ಮಾತು ಚುರುಕು, ನಡಿಗೆ ಇನ್ನೂ ಚುರುಕು. ಅವರು ತಡಮಾಡಲಿಲ್ಲ. ನೀರಿನ ಮಾದರಿ ಲ್ಯಾಬಿಗೆ ಹೋಯಿತು. ವ್ಯಾಂಕೋಮೈಸಿನ್ ಎಂಬ ಗಟ್ಟಿ ಔಷಧ, ಜೊತೆಗೆ ಇನ್ನೊಂದು, ಎರಡೂ ಬ್ಯಾಗಿನ ಮೂಲಕ ಪಂಕಜಾಕ್ಷಿಯ ಹೊಟ್ಟೆ ಸೇರಿದವು. ಸಾಮಾನ್ಯವಾಗಿ ಇಷ್ಟಾದರೆ ನೆಂಟರು ಗಂಟುಮೂಟೆ ಕಟ್ಟುತ್ತಾರೆ.

ಈ ನೆಂಟರು ಕಟ್ಟಲಿಲ್ಲ. ಎರಡು ದಿನ ಕಳೆದರೂ ಬುಳುಬುಳು, ಪುಸ್. ಔಷಧ ಬಿದ್ದಾಗಲೆಲ್ಲ ಇನ್ನೂ ಹುರುಪಿನಿಂದ ಹಾಡಿದಂತೆ ಮೇದಿನಿಗೆ ಅನಿಸಿತು.

"ಲ್ಯಾಬ್‌ನವರು ಸ್ಟ್ರೆಪ್ಟೋಕಾಕಸ್ ಜಾತಿಯ ಕ್ರಿಮಿ ಇರ್ಬೋದು ಅಂತಾರೆ" ಎಂದು ಸುಲ್ತಾನಾ ಕುರ್ಚಿ ಎಳೆದುಕೊಂಡರು.

"ಅದರ ದನಿ ನಂಗೊತ್ತು ಮೇಡಂ. ಅದು ಬೀಡಿ ಕೆಮ್ಮಿನ ಥರ. ಇದು ಅದಲ್ಲ."

"ನಿನ್ನ ಯಂತ್ರಕ್ಕೆ ಚಳಿಗೆ ನೆಗಡಿ ಆಗಿರ್ಬೇಕು."

"ನೋಡಿದ್ದೀನಿ. ಯಂತ್ರ ಸರಿಯಾಗಿದೆ."

"ಸ್ಟ್ರೆಪ್ಟೋಕಾಕಸ್ ಆಗಿದ್ರೆ ನನ್ನ ಔಷಧಕ್ಕೆ ಇಷ್ಟೊತ್ತಿಗೆ ಸಾಯ್ಬೇಕಿತ್ತು. ಅಂದ್ರೆ ಲ್ಯಾಬೂ ತಪ್ಪು, ನೀನೂ ಕಿವುಡಿ, ನಾನೂ ಕುರುಡಿ." ಸುಲ್ತಾನಾ ನಗಲಿಲ್ಲ. "ಮೇದಿನಿ, ಭಾನುವಾರದ ತನಕ ನೋಡ್ತೀನಿ. ನೀರು ತಿಳಿಯಾಗ್ಲಿಲ್ಲ ಅಂದ್ರೆ ಟ್ಯೂಬ್ ತೆಗೀಲೇಬೇಕು. ಒಳಪೊರೆ ಗಂಟುಗಂಟಾಗಿಬಿಟ್ರೆ ಮತ್ತೆ ಹೊಟ್ಟೆ ಡಯಾಲಿಸಿಸ್ ಮಾತೇ ಇಲ್ಲ."

ಟ್ಯೂಬ್ ತೆಗೆದರೆ ಏನೆಂದು ಮೇದಿನಿಗೆ ಯಾರೂ ವಿವರಿಸಬೇಕಿರಲಿಲ್ಲ. ವಾರಕ್ಕೆ ಮೂರು ಸಲ ಆಸ್ಪತ್ರೆಯ ಯಂತ್ರದ ಪಕ್ಕ ಮಲಗುವುದು, ಮಲಗಿ ಎದ್ದ ದಿನವೆಲ್ಲ ಸುಸ್ತು. ಮುಂದಿನ ವಾರ ಪಂಕಜ ಮೇಡಂ ತಂಡ ಕಟ್ಟಿಕೊಂಡು ರಾಜ್ಯಮಟ್ಟದ ಪಂದ್ಯಕ್ಕೆ ದಾವಣಗೆರೆಗೆ ಹೊರಡಬೇಕು. ಊರೂರು ತಿರುಗುವವರಿಗೆ ಬ್ಯಾಗು ಜೊತೆಗೆ ಬರುತ್ತದೆ, ಆಸ್ಪತ್ರೆಯ ಯಂತ್ರ ಬರುವುದಿಲ್ಲ. ಫೋನಿನಲ್ಲಿ ವಿಷಯ ತಿಳಿಸಿದಾಗ ಅವರು ಇಷ್ಟೇ ಕೇಳಿದರು: "ಹುಡುಗೀರ್ನ ಯಾರೇ ಬೈಯೋರು?"

ಕ್ರಿಮಿ ಎಲ್ಲಿಂದ ಬಂತೆಂದು ತಿಳಿದರೆ ಅದರ ಹೆಸರೂ ತಿಳಿದೀತು ಎಂದುಕೊಂಡ ಮೇದಿನಿ, ಕೈಯಲ್ಲಿ ಹಿಡಿದು ಕೇಳುವ ದೊಡ್ಡ ಪಿಸುಗಿವಿಯನ್ನು ಚೀಲಕ್ಕೆ ಹಾಕಿಕೊಂಡು ಮಾರನೆಯ ಬೆಳಗ್ಗೆ ಅವರ ಮನೆಗೇ ಹೋದಳು.

ಬಾಗಿಲು ತೆರೆದವರು ನಂಜುಂಡಸ್ವಾಮಿ, ಪಂಕಜಾಕ್ಷಿಯ ಯಜಮಾನರು. ಕರೆಂಟ್ ಆಫೀಸಿನಿಂದ ನಿವೃತ್ತರಾದ ದಿನವೇ ಅಡುಗೆಮನೆಯ ಅಧಿಕಾರ ವಹಿಸಿಕೊಂಡವರು. ತಲೆಗೆ ಮಂಕಿ ಟೋಪಿ, ಸ್ವೆಟರಿನ ಮೇಲೆ ಏಪ್ರನ್, ಕೈಯಲ್ಲಿ ಸೌಟು.

"ಬನ್ನಿ ಬನ್ನಿ. ತಿಂಡಿ ಆಗಿದ್ಯಾ? ಆಗಿದ್ರೂ ಇನ್ನೊಂದ್ಸಲ ಆಗುತ್ತೆ."

"ಮೊದಲು ಬ್ಯಾಗ್ ಬದಲಾಯಿಸೋದು ನೋಡ್ತೀನಿ ಸಾರ್."

ಅದಕ್ಕೆಂದೇ ಮೀಸಲಿಟ್ಟ ಕೋಣೆಯಲ್ಲಿ ಎಲ್ಲವೂ ಪೂಜೆಯ ಹಾಗೆ ನಡೆಯಿತು. ಕಿಟಕಿ ಮುಚ್ಚಿತು, ಫ್ಯಾನು ನಿಂತಿತು, ಇಬ್ಬರ ಮುಖಕ್ಕೂ ಮಾಸ್ಕ್ ಏರಿತು. ನಂಜುಂಡಸ್ವಾಮಿ ಬೆರಳ ಸಂದಿಗೊಂದಿ ಬಿಡದೆ ಕೈ ತೊಳೆದರು. ಮೂಲೆಯಲ್ಲಿದ್ದ ಬಿಸಿಪೆಟ್ಟಿಗೆಯಿಂದ ಬ್ಯಾಗ್ ಬಂತು. ತಣ್ಣನೆಯ ನೀರು ಹೊಟ್ಟೆಗೆ ಹೋದರೆ ಚಳುಕು ಹಿಡಿಯುತ್ತದೆಂದು ಕೇಂದ್ರದಿಂದಲೇ ಕೊಡುವ ಪೆಟ್ಟಿಗೆ ಅದು, ಮೈಯ ಬಿಸಿಯಷ್ಟೇ ಬಿಸಿಯಲ್ಲಿ ಬ್ಯಾಗನ್ನು ಇಟ್ಟುಕೊಂಡಿರುತ್ತದೆ. ಒಳಗೆ ಹೊರಗೆ ಫಳಫಳ. ಟ್ಯೂಬು ಸೇರಿಸುವಾಗ ಅವರು ಉಸಿರನ್ನೂ ಬಿಗಿಹಿಡಿದಿದ್ದರು. ಮೇದಿನಿಗೆ ಬೆರಳಿಟ್ಟು ತೋರಿಸಲು ಒಂದು ತಪ್ಪೂ ಸಿಗಲಿಲ್ಲ. ಹೊರಗೆ ಹರಿದ ನೀರು ಮಾತ್ರ ಇನ್ನೂ ಮಬ್ಬುಮಬ್ಬು.

"ಬೆಕ್ಕು ಸಾಕಿದ್ದೀರಾ?"

"ಇವ್ರನ್ನೇ ಸಾಕಿರೋದು" ಎಂದರು ಪಂಕಜಾಕ್ಷಿ ಮಾಸ್ಕ್ ಇಳಿಸುತ್ತ. "ಮೂರು ಹೊತ್ತೂ ಅಡುಗೆಮನೆ ಸುತ್ತುತ್ತಾರೆ."

"ಗಿಡ? ಗೊಬ್ಬರ? ಬಾವಿ ನೀರು?"

ಒಂದೂ ಇಲ್ಲ. ಮೇದಿನಿಯ ಮುಖ ಬಾಡಿತು. ಇಂಥ ಹೊತ್ತಿಗೆ ಹೇಳಿಕಳಿಸಿದಂತೆ ತಟ್ಟೆ ಬಂತು. ಹಬೆಯಾಡುವ ಇಡ್ಲಿ, ಹುರಿಗಡಲೆ ಚಟ್ನಿ. ಒಂದು ತುಂಡು ಬಾಯಿಗಿಟ್ಟವಳು ಅಗಿಯುವುದನ್ನೇ ಮರೆತಳು. ಅಗಿಯುವ ಅಗತ್ಯವೇ ಇರಲಿಲ್ಲ. ಅಜ್ಜಿಯ ಕಥೆಯೊಂದರಲ್ಲಿ ಬಡವಿಯೊಬ್ಬಳು ಮೋಡವನ್ನು ಕಿತ್ತು ಮಕ್ಕಳಿಗೆ ತಿನ್ನಿಸುತ್ತಾಳೆ. ಆ ಮೋಡಕ್ಕೆ ಉಪ್ಪು ಹಾಕಿದರೆ ಹೀಗೇ ಇದ್ದೀತು.

"ಸಾರ್, ಈ ಚಳೀಲಿ ಇದು ಹೇಗೆ? ನಮ್ಮನೇಲಿ ಹಿಟ್ಟು ಉಬ್ಬೋದೇ ಇಲ್ಲ. ನಮ್ಮಮ್ಮ ಕಂಬಳಿ ಹೊದಿಸ್ತಾರೆ, ಒಲೆ ಪಕ್ಕ ಇಡ್ತಾರೆ. ಆದ್ರೂ ಬೆಳಗ್ಗೆ ನೋಡಿದ್ರೆ ಹಿಂದಿನ ಸಂಜೆ ಹೇಗಿತ್ತೋ ಹಾಗೇ. ಇಡೀ ಹಾಸನದಲ್ಲಿ ಈಗ ಇಡ್ಲಿ ಅಂದ್ರೆ ಚಪ್ಪಡಿ ಕಲ್ಲು."

ನಂಜುಂಡಸ್ವಾಮಿಯವರ ಮಂಕಿ ಟೋಪಿ ಒಂದು ಗೇಣು ಎತ್ತರವಾದಂತೆ ಕಂಡಿತು. "ಅದೊಂದು ಗುಟ್ಟು."

"ಕೇಳ್ಬೇಡ, ಹೇಳಲ್ಲ" ಎಂದರು ಪಂಕಜಾಕ್ಷಿ. "ನಂಗೇ ಹೇಳಿಲ್ಲ. ಪಕ್ಕದ ಮನೆಯವ್ರು ಬಂದು ಕಾಲಿಗೆ ಬೀಳೋದೊಂದು ಬಾಕಿ. ಖೋ ಖೋದಲ್ಲಿ ಗೆದ್ದ ನನ್ನ ಕಪ್ಪುಗಳೆಲ್ಲ ಅಟ್ಟದ ಮೇಲಿವೆ, ಇವರ ಹಿಟ್ಟಿನ ಪಾತ್ರೆ ನಡುಮನೇಲಿದೆ."

"ಎಲ್ಲರ ಹೊಟ್ಟೆ ಮಾತೂ ಕೇಳ್ತಾರಲ್ಲ ಇವ್ರು" ಎಂದು ನಂಜುಂಡಸ್ವಾಮಿ ಒಳಗೆ ಹೋಗಿ, ಮಿಕ್ಕ ಹಿಟ್ಟಿದ್ದ ಪಾತ್ರೆಯನ್ನೇ ಎತ್ತಿ ತಂದರು. ಹಿಟ್ಟು ನೊರೆನೊರೆಯಾಗಿ ಉಸಿರಾಡುತ್ತಿತ್ತು. "ತಗೊಳಿ, ನಮ್ಮ ಹಿಟ್ಟು ಏನು ಹೇಳುತ್ತೆ ಅಂತ ಅದನ್ನೇ ಕೇಳ್ಕೊಳ್ಳಿ. ನಾನಂತೂ ಬಾಯಿ ಬಿಡಲ್ಲ."

ಮೇದಿನಿ ನಕ್ಕಳು. ತಮಾಷೆಗೆ ತಮಾಷೆ ಎಂದು ಚೀಲದಿಂದ ಪಿಸುಗಿವಿ ತೆಗೆದು ಅದರ ತುದಿಯನ್ನು ಹಿಟ್ಟಿಗೆ ಅದ್ದಿದಳು.

ಬುಳುಬುಳು, ಪುಸ್. ಬುಳುಬುಳು, ಪುಸ್.

ಮೇದಿನಿ ತಟ್ಟನೆ ತುದಿಯನ್ನು ಹೊರಗೆಳೆದಳು. ಯಂತ್ರವನ್ನು ಒರೆಸಿ ಮತ್ತೆ ಅದ್ದಿದಳು. ಅದೇ ಹಾಡು, ಅದೇ ಹುರುಪು. ಆಲಿಸುವ ಕೋಣೆಯಲ್ಲಿ ಮೂರು ದಿನದಿಂದ ಕೇಳುತ್ತಿದ್ದುದನ್ನು ಇಲ್ಲಿ ಸಾವಿರ ಮಂದಿ ಒಟ್ಟಿಗೆ ಹಾಡುತ್ತಿದ್ದರು.

"ಸಾರ್" ಎಂದಳು ಮೆಲ್ಲಗೆ. "ಈ ಪಾತ್ರೇನ ಎಲ್ಲಿಡ್ತೀರಿ?"

ನಂಜುಂಡಸ್ವಾಮಿ ಅವಳ ಮುಖ ನೋಡಿದರು. ಯಂತ್ರದ ಸದ್ದು ಕೇಳಿದರು. ಹೆಂಡತಿಯ ಹೊಟ್ಟೆಯ ಕಡೆ ನೋಡಿದರು. ಮಂಕಿ ಟೋಪಿ ತಾನಾಗಿ ತಲೆಯಿಂದ ಇಳಿದು ಕೈಗೆ ಬಂತು.

"ಬಿಸಿಪೆಟ್ಟಿಗೇಲಿ."

"ಬ್ಯಾಗ್ ಜೊತೇಲಾ?"

"ಬ್ಯಾಗ್ ಒಂದು ಪಕ್ಕ, ಪಾತ್ರೆ ಒಂದು ಪಕ್ಕ. ಹೇಗಿದ್ರೂ ಬೆಚ್ಚಗಿರುತ್ತೆ, ಜಾಗಾನೂ ಇತ್ತು. ಚಳೀಲಿ ಹಿಟ್ಟು ಉಬ್ಬಲ್ಲ ಅಂತ ಇವಳೇ ಬೇಜಾರು ಮಾಡ್ಕೊತಿದ್ಲು. ಊಟ ಸೇರ್ತಿರ್ಲಿಲ್ಲ ಇವಳಿಗೆ, ಇಡ್ಲಿ ಒಂದು ಸೇರ್ತಿತ್ತು..." ಅವರ ದನಿ ಸಣ್ಣದಾಯಿತು. "ಹೋದ ವಾರ ಒಂದಿನ ಉಕ್ಕಿಬಿಟ್ಟಿತ್ತು. ಬ್ಯಾಗಿನ ಬಾಯಿ ಹತ್ರಾನೂ ಬಿದ್ದಿತ್ತು. ಬೇಗ ಬಿಸಿ ಆಗ್ಲಿ ಅಂತ ಮೇಲಿನ ಕವರ್ ಮೊದ್ಲೇ ತೆಗೆದಿದ್ದೆ. ಒದ್ದೆ ಬಟ್ಟೇಲಿ ಚೆನ್ನಾಗಿ ಒರೆಸಿದೆ. ಹಿಟ್ಟು ತಾನೇ, ತಿನ್ನೋ ಪದಾರ್ಥ ತಾನೇ ಅಂತ..."

ಮೇದಿನಿ ಆಗಲೇ ಫೋನು ಹಚ್ಚಿದ್ದಳು. ಆ ಕಡೆ ಸುಲ್ತಾನಾ ಪೂರ್ತಿ ಕೇಳಿ ನಕ್ಕ ಸದ್ದಿಗೆ ಫೋನನ್ನು ಕಿವಿಯಿಂದ ದೂರ ಹಿಡಿಯಬೇಕಾಯಿತು.

"ಲ್ಯೂಕೋನಾಸ್ಟಾಕ್! ಹಾಯ್ ಅಲ್ಲಾ! ಉದ್ದಿನ ಹಿಟ್ಟನ್ನ ಉಬ್ಬಿಸೋದೇ ಅದು ಕಣೇ. ಓದಿದ್ದೀನಿ, ನೋಡಿರ್ಲಿಲ್ಲ. ಅಪರೂಪದಲ್ಲಿ ಅಪರೂಪ. ಲ್ಯಾಬಲ್ಲಿ ನೋಡೋಕೂ ಸ್ಟ್ರೆಪ್ಟೋಕಾಕಸ್ ಥರಾನೇ ಕಾಣುತ್ತೆ. ಅದಕ್ಕೆ ವ್ಯಾಂಕೋಮೈಸಿನ್ ಕೊಟ್ವಲ್ಲ, ಗೋಡೆಗೆ ಗಂಧ ಹಚ್ಚಿದ ಹಾಗೆ, ಏನೂ ಪ್ರಯೋಜನ ಇಲ್ಲ. ಈ ಔಷಧ ಕ್ರಿಮಿಯ ಗೋಡೆ ಇಟ್ಟಿಗೆಯ ತುದಿ ಹಿಡ್ಕೊಂಡು ಕೆಡವುತ್ತೆ. ಇದರ ಇಟ್ಟಿಗೆಗೆ ಆ ತುದಿನೇ ಬೇರೆ ಥರ ಇದೆ, ಹಿಡಿತಾನೇ ಸಿಗಲ್ಲ."

"ಹಾಗಾದ್ರೆ ಯಾವುದಕ್ಕೆ ಸಾಯುತ್ತೆ?"

"ನಮ್ಮ ತಾತನ ಕಾಲದ ಆಂಪಿಸಿಲಿನ್ ಸಾಕು. ಗಟ್ಟಿ ಗಂಡಾಳುಗಳೆಲ್ಲ ಸೋತ ಕಡೆ ಮುದುಕ ಗೆಲ್ತಾನೆ. ಲ್ಯಾಬ್‌ನವರಿಗೂ ಈಗ್ಲೇ ಹೇಳ್ತೀನಿ, ಖಾತ್ರಿ ಮಾಡ್ಕೊಳ್ಳಿ. ಅವರನ್ನ ಕರ್ಕೊಂಡು ಬಾ. ಬರುವಾಗ ನಂಗೊಂದು ಡಬ್ಬಿ ಇಡ್ಲಿ ತಗೊಂಬಾ. ಬೆಂದ ಇಡ್ಲೀಲಿ ಅವು ಒಂದೂ ಬದುಕಿರಲ್ಲ, ಹೆದರ್ಬೇಡ."

ಫೋನಿಟ್ಟು ತಿರುಗಿದರೆ ನಂಜುಂಡಸ್ವಾಮಿ ಮೂಲೆಯ ಸ್ಟೂಲಿನ ಮೇಲೆ ಕುಸಿದು ಕುಳಿತಿದ್ದರು. ಕಣ್ಣು ಕೆಂಪಾಗಿತ್ತು. "ನಾನೇ ಮಾಡ್ದೆ. ಇಷ್ಟು ನೇಮ ಮಾಡಿ, ಕೈ ತೊಳೆದು ತೊಳೆದು ಚರ್ಮ ಸುಲಿದು, ಕೊನೆಗೆ ನನ್ನ ಕೈಯಾರೆ ನಾನೇ..."

ಪಂಕಜಾಕ್ಷಿ ಸೊಂಟದ ಮೇಲೆ ಕೈಯಿಟ್ಟು ಅವರ ಎದುರಿಗೆ ನಿಂತರು. ಮೈದಾನದಲ್ಲಿ ತಪ್ಪು ಓಡಿದ ಹುಡುಗಿಯ ಎದುರು ನಿಲ್ಲುವ ಹಾಗೆ.

"ಗುಟ್ಟನ್ನ ಹೊಟ್ಟೇಲಿಟ್ಕೊಳ್ಳಿ ಅಂತ ಲೋಕ ಹೇಳುತ್ತೆ ಕಣ್ರೀ. ಯಾರ ಹೊಟ್ಟೇಲಿ ಅಂತ ಕೇಳ್ಕೋಬೇಡ್ವಾ? ನಿಮ್ಮ ಗುಟ್ಟನ್ನ ತಂದು ನನ್ನ ಹೊಟ್ಟೇಲಿ ಇಟ್ಟಿದ್ದೀರಲ್ಲ!"

ಮೇದಿನಿ ತಡೆಯಲಾರದೆ ನಕ್ಕಳು. ನಂಜುಂಡಸ್ವಾಮಿ ಅಳುತ್ತಲೇ ಇದ್ದವರು ನಡುವೆಯೇ ನಗತೊಡಗಿ, ಯಾವುದನ್ನು ನಿಲ್ಲಿಸುವುದೆಂದು ತಿಳಿಯದೆ ಬಿಕ್ಕಳಿಸಿದರು. ಪಂಕಜಾಕ್ಷಿ ಅವರಿಗೆ ನೀರು ಕೊಟ್ಟು, ತಲೆಯ ಮೇಲೆ ಟೋಪಿ ಇಟ್ಟು, ಕಿವಿ ಮುಚ್ಚುವ ಹಾಗೆ ಎರಡೂ ಕಡೆ ಎಳೆದರು.

"ಆಯ್ತು, ಏಳಿ. ಔಟ್ ಆದವರು ಕಣದಲ್ಲಿ ಕೂರಂಗಿಲ್ಲ. ಆಟೋ ಕರೀರಿ."

ಆ ದಿನ ಬ್ಯಾಗಿಗೆ ಮುದುಕ ಆಂಪಿಸಿಲಿನ್ ಸೇರಿತು. ಲ್ಯಾಬೂ ಮತ್ತೊಮ್ಮೆ ನೋಡಿ ಹೌದೆಂದು ತಲೆಯಾಡಿಸಿತು. ಮೇದಿನಿ ಆಲಿಸುವ ಕೋಣೆ ಬಿಟ್ಟು ಕದಲಲಿಲ್ಲ. ಮೊದಲು ಬುಳುಬುಳು ಇತ್ತು, ಪುಸ್ ಇರಲಿಲ್ಲ. ಮಾರನೆಯ ದಿನ ಮಧ್ಯಾಹ್ನಕ್ಕೆ ಬುಳುಬುಳು ಕೂಡ ತಡವರಿಸಿತು. ಕೇಳುತ್ತ ಕೇಳುತ್ತ ಅವಳಿಗೆ ಆ ಪುಟ್ಟ ಜೀವಗಳ ಮೇಲೆ ಕರುಣೆಯೂ ಬಂತು. ಇವು ಕೇಡಿಗರಲ್ಲ. ಎಷ್ಟೋ ತಲೆಮಾರಿನಿಂದ ನಮ್ಮ ಪಾತ್ರೆಗಳಲ್ಲಿ ಕುಳಿತು, ನಾವು ಮಲಗಿದಾಗ ನಮ್ಮ ಬೆಳಗಿನ ತಿಂಡಿಗೆ ದುಡಿದವು. ಪಾತ್ರೆಯ ಬಿಸಿಗೂ ಹೊಟ್ಟೆಯ ಬಿಸಿಗೂ ವ್ಯತ್ಯಾಸ ತಿಳಿಯದೆ ಮನೆ ತಪ್ಪಿ ಬಂದು, ಅಲ್ಲಿಯೂ ನಿಷ್ಠೆಯಿಂದ ಉಬ್ಬಿಸಲು ಹೊರಟವು, ಅಷ್ಟೇ.

"ಶ್ರಾದ್ಧ ಮಾಡ್ತೀಯೇನು ಅವಕ್ಕೆ?" ಎಂದು ಹಿಂದಿನಿಂದ ಸುಲ್ತಾನಾ ಕೇಳಿದರು. ಅವರ ಕೈಯಲ್ಲಿ ಖಾಲಿ ಇಡ್ಲಿ ಡಬ್ಬಿ ಇತ್ತು.

ಭಾನುವಾರ ಬೆಳಗ್ಗೆ ಪಂಕಜಾಕ್ಷಿಯ ಸಾಲಿನಲ್ಲಿ ಯಾವ ದನಿಯೂ ಇರಲಿಲ್ಲ. ಹೊರಬಂದ ನೀರಿನ ಬ್ಯಾಗನ್ನು ಸುಲ್ತಾನಾ ಅಂದಿನ ಪೇಪರಿನ ಮೇಲಿಟ್ಟರು. ನೀರು ತಿಳಿಯೋ ಮಬ್ಬೋ ಎಂದು ನೋಡುವ ಹಳೆಯ ಉಪಾಯ ಅದು. ನಂಜುಂಡಸ್ವಾಮಿ ಬಗ್ಗಿ, ಕನ್ನಡಕ ಏರಿಸಿ, ಎಳೆ ಬೆಲ್ಲದ ಬಣ್ಣದ ನೀರಿನ ಮೂಲಕ ಅಕ್ಷರಗಳನ್ನು ಒಂದೊಂದಾಗಿ ಓದಿದರು: "ಕನ್ಯಾ ರಾಶಿ. ದೂರ ಪ್ರಯಾಣ. ಗೃಹಿಣಿಯ ಮಾತು ಕೇಳಿದರೆ ಲಾಭ."

"ಅದು ಅಲ್ಲಿ ಬರೆದಿಲ್ಲ, ನೀವೇ ಸೇರ್ಸಿದ್ದು" ಎಂದು ಪಂಕಜಾಕ್ಷಿ ಪೇಪರ್ ಕಿತ್ತುಕೊಂಡರು. ನೋಡಿದರೆ ಬರೆದೇ ಇತ್ತು.

ಟ್ಯೂಬು ಉಳಿಯಿತು. ಪೂರ್ತಿ ಗುಣವಾಗುವ ತನಕ ಆಂಪಿಸಿಲಿನ್ ತಪ್ಪಿಸಬಾರದು, ದಾವಣಗೆರೆಯಲ್ಲೂ ದಿನಾ ನೀರು ನೋಡಿ ತಿಳಿಸಬೇಕು ಎಂಬ ಕರಾರಿನ ಮೇಲೆ ಸುಲ್ತಾನಾ ಪ್ರಯಾಣಕ್ಕೆ ಒಪ್ಪಿದರು. ಆ ವಾರ ಹೊರಟ ಬಸ್ಸಿನಲ್ಲಿ ಹನ್ನೆರಡು ಹುಡುಗಿಯರು, ಡಯಾಲಿಸಿಸ್ ಬ್ಯಾಗುಗಳ ರಟ್ಟಿನ ಪೆಟ್ಟಿಗೆಗಳು, ಅವುಗಳ ಮೇಲೆ ಯಾರೂ ಕೈಯಿಡದಂತೆ ಕಾವಲು ಕುಳಿತ ನಂಜುಂಡಸ್ವಾಮಿ. ತಿಂಡಿಗೆ ಏನು ಕಟ್ಟಿಕೊಂಡಿದ್ದೀರೆಂದು ಮೇದಿನಿ ಫೋನಿನಲ್ಲಿ ಕೇಳಿದ್ದಕ್ಕೆ ಸಿಕ್ಕ ಉತ್ತರ ಚುಟುಕು: "ಅವಲಕ್ಕಿ. ಅದು ಉಬ್ಬಲ್ಲ."

ಫೋನಿಟ್ಟು ಮೇದಿನಿ ಯಂತ್ರದ ಕಡೆ ತಿರುಗಿದಳು. ಒಂದು ಕೆಲಸ ಬಾಕಿ ಇತ್ತು. ಬುಳುಬುಳು-ಪುಸ್ ಹಾಡನ್ನು ಆರಿಸಿ, 'ಅಪರಿಚಿತ' ಎಂಬುದನ್ನು ಅಳಿಸಿ, ಆ ಜಾಗದಲ್ಲಿ ಸರಿಯಾದ ಹೆಸರು ಕೂರಿಸಿದಳು. ಈಗ ಪಿಸುಗಿವಿಗೆ ಒಂದು ಹೊಸ ಮಾತು ಬಂತು. ಹೊಸ ಮಾತು ಕಲಿತ ಮಗುವಿನಂತೆ ಅದು ಕೂಡಲೇ ತನ್ನ ಹಳೆಯ ನೆನಪನ್ನೆಲ್ಲ ಕೆದಕಿ, ಎಲ್ಲ ಮನೆಗಳ ಸಾಲುಗಳನ್ನೂ ಮತ್ತೊಮ್ಮೆ ಆಲಿಸತೊಡಗಿತು.

ಅರಸೀಕೆರೆಯ ಒಂದು ಮನೆಯ ಎದುರು ಪುಟ್ಟ ದೀಪ ಹತ್ತಿಕೊಂಡಿತು. ದನಿ ಇನ್ನೂ ತೀರಾ ಸಣ್ಣದು, ಎರಡು ಮೂರು ಜನ ಕುಳಿತು ಗುನುಗಿದಷ್ಟೇ. ಒಟ್ಟಿಗೇ ನುಗ್ಗೋಣ ಎನ್ನುವಷ್ಟು ಜನ ಸೇರಲು ಬೇಕಾದಷ್ಟು ಹೊತ್ತಿತ್ತು. ಮೇದಿನಿ ಆ ಮನೆಗೆ ಫೋನು ಹಚ್ಚಿದಳು. ಎತ್ತಿದವರು ವಯಸ್ಸಾದ ಹೆಂಗಸು.

"ಅಮ್ಮಾ, ಡಯಾಲಿಸಿಸ್ ಸೆಂಟರಿಂದ ಮಾತಾಡ್ತಿರೋದು. ಒಂದು ಮಾತು ಕೇಳ್ತೀನಿ, ಏನೂ ಅಂದ್ಕೋಬೇಡಿ. ಈಚೆಗೆ ನಿಮ್ಮನೇಲಿ ಇಡ್ಲಿ ತುಂಬಾ ಮೆತ್ತಗೆ ಬರ್ತಿದ್ಯಾ?"

ಆ ಕಡೆಯ ದನಿ ಹೆಮ್ಮೆಯಿಂದ ಉಬ್ಬಿ ಬಂತು.

"ಅಯ್ಯೋ! ಅಲ್ಲೀ ತನ್ಕಾ ಸುದ್ದಿ ಬಂತಾ ತಾಯಿ?"